ಟವೆಲ್ ಹಾಕಿದ ಜಾಗ

ನಮ್ಮ ಯಜಮಾನರು ತಿಂಗಳಿಗೊಂದು ಭಾನುವಾರ ಸಮುದ್ರಕ್ಕೆ ಹೋಗುತ್ತಿದ್ದರು. ಜನ್ನಾಪುರದ ಅವರ ಗೆಳೆಯರೊಬ್ಬರು ನಿವೃತ್ತರಾದ ಮೇಲೆ ಮಲ್ಪೆಯಲ್ಲೊಂದು ಹಳೆಯ ಹಾಯಿದೋಣಿ ಕೊಂಡಿದ್ದರು. ಬೆಳಗಿನ ಜಾವವೇ ಶಿವಮೊಗ್ಗದ ದುರ್ಗಿಗುಡಿಯ ನಮ್ಮ ಮನೆ ಮುಂದೆ ಅವರ ಕಾರು. ವಾಪಸ್ ಬಂದ ಮೇಲೆ ಇವರ ಕಥೆ ಶುರು: ಈ ದ್ವೀಪದಿಂದ ಆ ದ್ವೀಪಕ್ಕೆ ಹೋದೆವು, ಗಾಳಿ ತಿರುಗಿತು, ಹಾಯಿ ಇಳಿಸಿದೆವು.

ನಾನು ನಂಬಲಿಲ್ಲ. ಪ್ಯಾಂಟಿನ ಇಸ್ತ್ರಿ ಗೆರೆ ಕೂಡ ಅಳಿಸಿರುತ್ತಿರಲಿಲ್ಲ. ಉಪ್ಪುನೀರು ಒಣಗಿದ ಬಿಳಿ ಕಲೆ ಹುಡುಕಿದರೂ ಸಿಗದು.

"ಬಟ್ಟೆ ಒಂದಿಷ್ಟೂ ನೆನೆದಿಲ್ವಲ್ರೀ?"

"ಗಾಳಿಗೆ ಒಣಗುತ್ತೆ ಮಾರಾಯ್ತಿ," ಎಂದು ಸುಮ್ಮನೆ ಮುಖ ಒರೆಸಿಕೊಂಡರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ. ಇನ್ಯಾರೋ ಇದ್ದಾಳೆ ಅನ್ನಿಸಿತು. ಈ ವಯಸ್ಸಿನಲ್ಲಾ ಎಂದು ನಗಬೇಡಿ. ಹೊಟ್ಟೆಯುರಿಗೆ ವಯಸ್ಸಿಲ್ಲ.

ಇವರು ಸುಳ್ಳಿನಲ್ಲಿ ಪಳಗಿದವರು. ಮದುವೆಗೆ ಮುಂಚೆ ನಾನು ಭದ್ರಾವತಿಯಲ್ಲಿ ಟೀಚರ್. ಶನಿವಾರ ಶಾಲೆ ಬಿಟ್ಟು ಶಿವಮೊಗ್ಗದ ಬಸ್ಸಿಗೆ ಓಡಿದರೆ, ಕಿಟಕಿ ಪಕ್ಕದ ಸೀಟಿನ ಮೇಲೆ ಟವೆಲ್ ಹಾಕಿಕೊಂಡು ಇವರು. "ಇಲ್ಲೇ ಆಫೀಸು, ನಾನೂ ಅದೇ ಕಡೆ," ಎನ್ನುತ್ತಿದ್ದರು. ಮದುವೆಯಾದ ಮೇಲೆ ನೋಡಿದರೆ ಆಫೀಸಿದ್ದದ್ದು ಶಿವಮೊಗ್ಗದಲ್ಲಿ! ಇಷ್ಟು ಸಲೀಸಾಗಿ ಸುಳ್ಳು ಹೇಳುವ ಗಂಡಸನ್ನು ಹೇಗೆ ನಂಬುವುದು?

ಒಂದು ಭಾನುವಾರ ಹೇಳದೆ ಕೇಳದೆ ಕಾರಿನ ಹಿಂದಿನ ಸೀಟಿನಲ್ಲಿ ಹೋಗಿ ಕೂತೆ. ಘಾಟಿ ಇಳಿಯುವವರೆಗೂ ಇಬ್ಬರೂ ಕನ್ನಡಿಯಲ್ಲಿ ನನ್ನನ್ನೇ ಕದ್ದು ನೋಡುತ್ತಿದ್ದರು. ಮಲ್ಪೆಯಲ್ಲಿ ಗೆಳೆಯರು ದೋಣಿ ಹತ್ತಿದರು, ನಾನೂ ಹತ್ತಿದೆ. ಇವರೂ ಹತ್ತುತ್ತಾರೆ ಅಂದುಕೊಂಡರೆ ದಡದಲ್ಲೇ ಉಳಿದರು.

ದೋಣಿ ದೂರ ಸರಿದ ಮೇಲೆ ಗೆಳೆಯರು ಬಾಯಿಬಿಟ್ಟರು. "ಮೊದಲನೇ ಸಲವೇ ವಾಂತಿ ಮಾಡಿ ಸುಸ್ತಾಗೋದ್ರು ಅಕ್ಕಾ. ಆಮೇಲೆ ಹತ್ತಿಲ್ಲ. ಮಧ್ಯಾಹ್ನದಿಂದ್ಲೇ ಮೀನಿನ ಬೋಟೆಲ್ಲ ಒಟ್ಟಿಗೆ ಬರುತ್ತೆ, ನಮ್ಗೆ ದೋಣಿ ಕಟ್ಟೋಕೆ ಜಾಗ ಸಿಗಲ್ಲ. ಅವರು ಜಾಗ ಹಿಡ್ಕೊಂಡಿರ್ತಾರೆ."

ಇಡೀ ದಿನ? ಇದೂ ಸುಳ್ಳೇ ಇರಬೇಕು. ಮೊದಲನೇ ದ್ವೀಪ ಸುತ್ತಿದ್ದೇ, ಎರಡನೆಯದಕ್ಕೆ ಹೋಗುವುದು ಬೇಡ, ಈಗಲೇ ತಿರುಗಿಸಿ ಎಂದೆ. ಅವಳ ಜೊತೆಗಿರುವಾಗಲೇ ಇವರನ್ನು ಹಿಡಿಯಬೇಕಿತ್ತು.

ಬಂದರು ಹತ್ತಿರವಾದಾಗ ಬೋಟುಗಳ ಮಧ್ಯೆ ಸೂಜಿ ಹಾಕಲೂ ಜಾಗವಿರಲಿಲ್ಲ, ಒಂದು ಕಡೆ ಬಿಟ್ಟು. ಅಲ್ಲಿ ಹಗ್ಗ ಕಟ್ಟುವ ಗೂಟದ ಮೇಲೆ ನಮ್ಮ ಮನೆಯ ಕೆಂಪಂಚಿನ ಟವೆಲ್. ಅದರ ಪಕ್ಕ ಬಿಸಿಲಿಗೆ ಕೆಂಪಾಗಿ ಇವರು. ಬೋಟು ನುಗ್ಗಿಸುತ್ತಿದ್ದವನೊಬ್ಬ ರೇಗುತ್ತಿದ್ದ, "ಇದೆಂತ ಬಸ್ಸಿನ ಸೀಟಾ ಮಾರಾಯ್ರೇ?"

"ಜನ ಇದ್ದಾರೆ ಕಣಯ್ಯಾ, ಬರ್ತಾರೆ!" ಇವರು ಎರಡೂ ಕೈ ಚಾಚಿ ನಿಂತಿದ್ದರು.

ಗೆಳೆಯರು ಎಸೆದ ಹಗ್ಗ ಹಿಡಿದು ಕಟ್ಟಿ, ನನ್ನತ್ತ ಕೈ ನೀಡಿದರು. ನಾನು ಕೈ ಕೊಡಲಿಲ್ಲ.

"ಸುಳ್ಳು ಯಾಕೆ ಹೇಳಿದ್ರಿ?"

"ದಿನವೆಲ್ಲ ಜಾಗ ಹಿಡ್ಕೊಂಡು ಕೂತಿರ್ತೀನಿ ಅಂದ್ರೆ ನೀನು ನಂಬ್ತಿದ್ಯಾ?"

ನಂಬುತ್ತಿರಲಿಲ್ಲ. ಆ ಶನಿವಾರಗಳಲ್ಲಿ ಹೇಳಿದ್ದರೂ ನಂಬುತ್ತಿರಲಿಲ್ಲ. ಒಂದು ಸೀಟಿಗಾಗಿ ಒಬ್ಬ ಮನುಷ್ಯ ಶಿವಮೊಗ್ಗದಿಂದ ಭದ್ರಾವತಿಗೆ ಬಂದು ಕಾಯುತ್ತಾನೆಂದು ಯಾರು ನಂಬುತ್ತಾರೆ? ನಾಚಿಕೆಯಾಯಿತು. ಅವರ ಕೈ ಹಿಡಿದು ಇಳಿದೆ. ನನ್ನ ಸೀರೆಯ ಅಂಚಿನ ತುಂಬ ಉಪ್ಪಿನ ಬಿಳಿ ಕಲೆಗಳಿದ್ದವು. ಅವರು ಗೂಟದ ಮೇಲಿನ ಟವೆಲ್ ತೆಗೆದು, ಬಗ್ಗಿ ಆ ಕಲೆಗಳನ್ನು ಒರೆಸತೊಡಗಿದರು.