ಸ್ಕೂಟರು ಮತ್ತು ಎರಡು ಚಾಲು

ನನ್ನ ಸ್ಕೂಟರಿಗೆ ಸ್ಟಾರ್ಟ್ ಆಗುವುದು ಗೊತ್ತು. ಯಾರಾದರೂ ನೋಡುತ್ತಿದ್ದರೆ ಮಾತ್ರ ಮರೆತುಬಿಡುತ್ತದೆ. ಬಟನ್ ಇಲ್ಲದ, ಕಿಕ್ಕರನ್ನೇ ನಂಬಿರುವ, ಕಾರ್ಬುರೇಟರಿನ ಕಾಲದ ಗಾಡಿ. ಬೆಳಿಗ್ಗೆ ಅದನ್ನು ಒಂದು ಪಕ್ಕಕ್ಕೆ ವಾಲಿಸಿ, ಚೋಕ್ ಎಳೆದು ನಾನು ಒದೆಯುವುದನ್ನು ಕೋಲಾರದ ನಮ್ಮ ಬೀದಿಯವರು ವ್ಯಾಯಾಮವೆಂದೇ ತಿಳಿದಿದ್ದಾರೆ. ಹೊಟ್ಟೆ ಕರಗದಿರುವುದು ಅವರಿಗೊಂದು ಒಗಟು.

ಸುದ್ದಿಮನೆಯಲ್ಲಿ ಬದುಕು ಸವೆಸಿದವನು ಕೆಟ್ಟು ನಿಂತ ಗಾಡಿಗೆ ಹೆದರಬೇಕಿಲ್ಲ. ಕೇಳಬೇಕಾದ ಪ್ರಶ್ನೆ ಎರಡೇ: ಪೆಟ್ರೋಲ್ ಬರುತ್ತಿದೆಯೇ? ಕಿಡಿ ಬರುತ್ತಿದೆಯೇ? ವರದಿಗೂ ಅಷ್ಟೇ. ವಿಷಯ ತುಂಬಿ ತುಳುಕಿದರೂ ಹತ್ತಿಕೊಳ್ಳದ ವರದಿಗಳನ್ನು ಬೇಕಾದಷ್ಟು ತಿದ್ದಿದ್ದೇನೆ. ಆದರೂ ಕಳೆದ ಮಾವಿನ ಕಾಲದಲ್ಲಿ, ರಾಯಲ್ಪಾಡಿನ ದಾರಿಯಲ್ಲಿ, ಎರಡನೆಯ ಪ್ರಶ್ನೆಯನ್ನೇ ಮರೆತೆ.

ರಾಯಲ್ಪಾಡು ನನ್ನ ಹೆಂಡತಿ ರತ್ನಳ ತವರು. ಅವಳ ತಮ್ಮನ ಮಗಳಿಗೆ ಅಂದು ನಾಮಕರಣ. ಸೋದರತ್ತೆ ಕಿವಿಯಲ್ಲಿ ಹೇಳಿದ ಮೇಲೆಯೇ ಆ ಮನೆಯಲ್ಲಿ ಹೆಸರು ಹೆಸರಾಗುವುದು. ಮಗುವಿಗೆ ಇರುವವಳು ಒಬ್ಬಳೇ ಸೋದರತ್ತೆ, ಅವಳೋ ರೇಷ್ಮೆ ಸೀರೆಯುಟ್ಟು ನನ್ನ ಹಿಂದಿನ ಸೀಟಿನಲ್ಲಿದ್ದಳು. ಬಸ್ಸಿಗೆ ಹೋಗೋಣ ಎಂದಿದ್ದಳು. ಗಾಡಿಯನ್ನು ನಂಬು ಎಂದವನು ನಾನು. ಶ್ರೀನಿವಾಸಪುರ ದಾಟಿ, ಮಾವಿನ ತೋಪುಗಳ ನಡುವಿನ ಏರಿನಲ್ಲಿ ಗಾಡಿ ಒಮ್ಮೆ ಕೆಮ್ಮಿ ನಿಂತಿತು. ಮುಹೂರ್ತ ನಿಲ್ಲುವಂಥದ್ದಲ್ಲ.

ಒದೆಯತೊಡಗಿದೆ. ರತ್ನ ಸ್ವಲ್ಪ ದೂರದ ನೆರಳಿಗೆ ಹೋಗಿ ನಿಂತು ಕೂಗಿದಳು: "ಚಾಲು ರೀ, ಚಾಲು!"

ನನಗೆ ಹುರುಪು ಬಂತು. ಚೋಕ್ ಎಳೆದು ಇನ್ನೂ ಜೋರಾಗಿ ಒದ್ದೆ. ಅವಳ ದನಿಯೂ ಏರಿತು: "ಚಾಲು! ಚಾಲು!" ಮದುವೆಯಾದ ಮೇಲೆ ಅಷ್ಟು ಪ್ರೋತ್ಸಾಹ ಸಿಕ್ಕಿದ್ದು ಅದೇ ಮೊದಲು.

ಪೆಟ್ರೋಲ್ ವಾಸನೆ ಮೂಗಿಗೆ ಹೊಡೆಯುವ ಹೊತ್ತಿಗೆ ಅವಳೇ ಬಂದು ತೋಳು ಹಿಡಿದಳು. "ಬೇಡ ಅಂದಷ್ಟೂ ಒದೀತೀರಲ್ಲ! ಚಾಲು ಅಂದ್ರೆ ಸಾಕು ಅಂತ ಕಣ್ರೀ!"

ತೆಲುಗಿನಲ್ಲಿ ಚಾಲು ಎಂದರೆ ಸಾಕು. ಗೊತ್ತಿಲ್ಲದ್ದೇನಲ್ಲ, ಅವಳ ತವರಿನ ಪಂಕ್ತಿಯಲ್ಲಿ ಆ ಮಾತು ಆಡುವವರೆಗೆ ಎಲೆಗೆ ಅನ್ನ ಬೀಳುತ್ತಲೇ ಇರುತ್ತದೆ. ಗಾಬರಿಯಾದರೆ ರತ್ನ ತವರಿನ ಭಾಷೆಗೆ ಹೊರಳುತ್ತಾಳೆಂಬುದೂ ಗೊತ್ತು. ಆದರೆ ನಾನು ಹುಟ್ಟಿದ ಮಾಲೂರಿನಲ್ಲಿ ಚಾಲು ಎಂದರೆ ಶುರು. ಕಿಕ್ಕರಿನ ಮೇಲೆ ಕಾಲಿಟ್ಟಾಗ ನನ್ನ ಕಿವಿ ಮಾಲೂರಿಗೆ ಹೋಗಿಬಿಡುತ್ತದೆ.

ಎಂಜಿನ್ ಮುಚ್ಚಳ ತೆಗೆದು ಪ್ಲಗ್ ಬಿಚ್ಚಿದೆ. ಪೆಟ್ರೋಲಿನಲ್ಲಿ ಅದ್ದಿ ತೆಗೆದಂತಿತ್ತು. ಅಷ್ಟರಲ್ಲಿ ಟೊಮ್ಯಾಟೊ ಕ್ರೇಟುಗಳ ಟೆಂಪೊ ಒಂದು ಪಕ್ಕದಲ್ಲಿ ನಿಂತಿತು. ಓಡಿಸುತ್ತಿದ್ದವನು ಅವಳ ಊರಿನವನೇ.

"ರತ್ನಕ್ಕಾ, ಹತ್ತು. ಬಾವ ಗಾಡಿ ತಳ್ಕೊಂಡು ನಿಧಾನಕ್ಕೆ ಬರ್ತಾರೆ. ಮಗು ಕಾಲೇಜಿಗೆ ಸೇರೋ ಹೊತ್ತಿಗೆ ಬಂದ್ರೆ ಆಯ್ತು."

ಹತ್ತು ಎಂದು ನಾನೂ ಹೇಳಿದೆ. ಅವಳು ಒಂದು ಕಾಲು ಟೆಂಪೊ ಮೇಲಿಟ್ಟು ತಿರುಗಿ ನೋಡಿದಳು. "ಆ ವೈರ್ ಯಾಕ್ರೀ ಹಂಗೆ ಅಲ್ಲಾಡ್ತಿದೆ?"

ಪ್ಲಗ್ಗಿನ ಟೋಪಿಯಿಂದ ವೈರ್ ಸಡಿಲವಾಗಿ ಜಾರಿತ್ತು. ಪೆಟ್ರೋಲ್ ಬೇಕಾದಷ್ಟಿತ್ತು, ಕಿಡಿ ಇರಲಿಲ್ಲ. ಕಿಡಿಯಿಲ್ಲದ ಎಂಜಿನ್ನಿಗೆ ನಾನು ಒದ್ದು ಒದ್ದು ಪೆಟ್ರೋಲ್ ಕುಡಿಸಿದ್ದೆ, ಬೇಡವೆಂದರೂ ಬಡಿಸುವ ನೆಂಟರ ಹಾಗೆ. ವೈರನ್ನು ತಿರುಗಿಸಿ ಬಿಗಿ ಮಾಡಿದೆ. ಪೆಟ್ರೋಲ್ ಬಂದ್ ಮಾಡಿ, ಪ್ಲಗ್ ಇಲ್ಲದೆಯೇ ಸ್ವಲ್ಪ ಒದ್ದು ಒಳಗಿದ್ದದ್ದನ್ನು ಹೊರಗೆ ಹಾರಿಸಿದೆ.

"ಇರೋ, ಒಂದ್ಸಲ ನೋಡಣ" ಎಂದು ರತ್ನ ಟೆಂಪೊದವನನ್ನು ತಡೆದಳು.

ಒರೆಸಿದ ಪ್ಲಗ್ ಹಾಕಿ ಮೆಲ್ಲಗೆ ಒದ್ದೆ. ಹೊಗೆ ಉಗುಳಿ, ಗೊಣಗಿ, ಗಾಡಿ ಎದ್ದಿತು. ರತ್ನ ಟೆಂಪೊದಿಂದ ಕಾಲು ಇಳಿಸಿ, ಬಂದು ನನ್ನ ಹಿಂದೆ ಕೂತಳು. ಟೆಂಪೊದವನು ಊರು ಬರುವವರೆಗೂ ನಮ್ಮ ಹಿಂದೆಯೇ ಬಂದ; ಅವನಿಗೂ ಗಾಡಿಯ ಮೇಲೆ ನಂಬಿಕೆಯಿರಲಿಲ್ಲ.

ಪುರೋಹಿತರು ಬಾಗಿಲ ಕಡೆಗೇ ಕಣ್ಣು ನೆಟ್ಟಿದ್ದರು. ರತ್ನ ಪೆಟ್ರೋಲ್ ವಾಸನೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ತೊಟ್ಟಿಲಿಗೆ ಬಗ್ಗಿ ಮಗುವಿನ ಕಿವಿಯಲ್ಲಿ ಹೆಸರು ಹೇಳಿದಳು. ಮಗು ಸೀನಿತು. ತಡವಾದದ್ದೇಕೆಂದು ತಮ್ಮ ಕೇಳಿದ. ನನ್ನ ಮರ್ಯಾದೆ ಆ ಒಂದು ಉತ್ತರದಲ್ಲಿತ್ತು.

"ಬಂಡಿ ಚಾಲು ಕಾಲೇದುರಾ" ಎಂದಳು. ಗಾಡಿ ಶುರುವಾಗಲಿಲ್ಲವಂತೆ, ಅಷ್ಟೇ.

ವಾಕ್ಯವೆಲ್ಲ ತವರಿನದು; ಚಾಲು ಮಾತ್ರ ಮಾಲೂರಿನದು. ಪದ ತಿದ್ದುವ ಕಸುಬಿನವನು ನಾನು. ಅದನ್ನು ಹಾಗೆಯೇ ಬಿಟ್ಟೆ.