ಕಾಗಾಲದ ಟೀಸಿ ಎಂಬ ಸವತಿ

ದೂರದಲ್ಲಿ ನಡೆದದ್ದು ಕೆಲವರಿಗೆ ಕೂತಲ್ಲೇ ತಿಳಿಯುತ್ತದೆ ಎಂದು ಯಾರಾದರೂ ಹೇಳತೊಡಗಿದರೆ, ಒಲೆಯ ಮೇಲೆ ಹಾಲಿದೆ ಎಂದು ನೆವ ಹೇಳಿ ಎದ್ದು ಹೋಗುತ್ತಿದ್ದವಳು ನಾನು. ಹಾಗಾಗಿ ಈಗ ನಾನು ಹೇಳುವುದನ್ನು ನೀವು ನಂಬದಿದ್ದರೆ ನನಗೆ ಬೇಸರವಿಲ್ಲ. ನನ್ನ ಬೇಸರವೇ ಬೇರೆ.

ನಮ್ಮನೆಯವರು ಕುಮಟೆಯ ಕಡೆ ಲೈನ್‌ಮನ್. ಅವರ ಪಾಲಿನ ಟ್ರಾನ್ಸ್‌ಫಾರ್ಮರುಗಳಲ್ಲಿ ಕಾಗಾಲದ ಗದ್ದೆಯಂಚಿನ, ಸಿಗಡಿ ಸಾಕುವ ಹೊಂಡಗಳಿಗೂ ಕರೆಂಟು ಕೊಡುವ ಒಂದರ ಮೇಲೆ ಅವರಿಗೆ ಬಹಳ ಮಮತೆ. ಊರವರು ಅದನ್ನು ಟೀಸಿ ಎನ್ನುತ್ತಾರೆ, ನಾನು ಸವತಿ ಎನ್ನುತ್ತೇನೆ. ಬಿಸಿ ಅನ್ನಕ್ಕೆ ಬಂಗಡೆ ಸಾರು ಬಡಿಸಿದಾಗಲೇ ಅದರ ಫ್ಯೂಜು ಹೋಗಬೇಕು, ಇವರು ಕೈತೊಳೆದು ಓಡಬೇಕು. ನಾನು ಗೊಣಗಿದರೆ, "ಫ್ಯೂಜು ಹೋದದ್ದು ಒಳ್ಳೇದೇ. ಅದು ಸುಟ್ಟುಕೊಂಡ್ರೆ ಟೀಸಿ ಉಳೀತದೆ" ಎಂದು ನನಗೇ ಪಾಠ. ಮುಟ್ಟಳ್ಳಿಯ ನನ್ನ ತವರಿನಲ್ಲಿ ತಮ್ಮನ ಮದುವೆಯ ಧಾರೆ ನಡೆಯುವಾಗಲೂ ಇವರು ಕಾಗಾಲದ ಆ ಕಂಬದಡಿ ಇದ್ದರು.

ಕೆಲವು ವರ್ಷಗಳ ಹಿಂದೆ ಹೊನ್ನಾವರದ ಒಂದು ಆಸ್ಪತ್ರೆಯಲ್ಲಿ ಇವರಿಗೆ ಅಪೆಂಡಿಕ್ಸ್ ಆಪರೇಶನ್ ಆಯಿತು. ನಿಜ ಹೇಳುತ್ತೇನೆ, ನನಗೆ ಒಳಗೊಳಗೇ ಖುಷಿ. ನಾಲ್ಕು ದಿನವಾದರೂ ಇವರು ನನ್ನವರು. ಇವರ ಮೊಬೈಲನ್ನು ಬಂದ್ ಮಾಡಿ ನನ್ನ ಚೀಲದ ತಳಕ್ಕೆ ತುರುಕಿದ್ದೆ. ಆಪರೇಶನ್ನಿನ ಮರುದಿನ ಬೆಳಗಿನಿಂದ ನನಗೂ ಮೈ ಸರಿಯಿರಲಿಲ್ಲ. ಆದರೂ ಇವರ ಕೈ ಹಿಡಿದುಕೊಂಡು ಮಂಚದ ಪಕ್ಕ ಬಿಡದೆ ಕೂತಿದ್ದೆ.

ಮಧ್ಯಾಹ್ನ, ಮಲಗಿದ್ದವರು ಕಣ್ಣು ತೆರೆಯದೆ ಮಾತಾಡಿದರು.

"ಸಿಗಡಿ ಹೊಂಡದವ್ರು ನಡುವಿನ ಫ್ಯೂಜಿಗೆ ದಪ್ಪ ತಂತಿ ಕಟ್ಟಿದಾರೆ. ಮಂಜುಗೆ ಹೇಳೇ."

"ಎಂತ ಮಾರಾಯ್ರೆ, ಸುಮ್ನೆ ಮಲಗಿ" ಎಂದೆ.

"ಅದ್ರ ಮೈ ಸುಡ್ತಾ ಇದೆ" ಎಂದರು.

ಆ ದನಿಯ ಕಳವಳ ಕೇಳಿ ನನಗೆ ಹೊಟ್ಟೆ ಉರಿದುಹೋಯಿತು. ನನಗಾಗಿ ಆ ದನಿ ಒಮ್ಮೆಯೂ ಬಂದದ್ದಿಲ್ಲ. ಸುಟ್ಟು ಬೂದಿಯಾಗಲಿ ಎಂದುಕೊಂಡೆ. ಮರುಕ್ಷಣವೇ, ಅದು ಸುಟ್ಟರೆ ಹೊಲಿಗೆ ಬಿಚ್ಚುವ ಮೊದಲೇ ಈ ಮನುಷ್ಯ ಎದ್ದು ಓಡುತ್ತಾನೆ ಎಂದು ಹೆದರಿಕೆಯಾಯಿತು. ಮೊಬೈಲು ತೆಗೆದು, ಇವರ ಜೊತೆಯ ಲೈನ್‌ಮನ್ ಮಂಜುಗೆ ಫೋನ್ ಮಾಡಿದೆ. ನನ್ನ ಮಾತು ನನಗೇ ಹುಚ್ಚಾಗಿ ಕೇಳಿಸಿತು.

ಸ್ವಲ್ಪ ಹೊತ್ತಿನ ಮೇಲೆ ಅವನೇ ಫೋನ್ ಮಾಡಿದ. "ಅಕ್ಕ, ನಡುವಿನದಕ್ಕೇ ಕಟ್ಟಿದಾರೆ! ಟೀಸಿ ಹತ್ರ ನಿಲ್ಲೋಕಾಗೂದಿಲ್ಲ, ಅಷ್ಟು ಕಾದಿದೆ. ಇನ್ನು ಸ್ವಲ್ಪ ತಡ ಆಗಿದ್ರೆ ಹೋಗೇಬಿಡ್ತಿತ್ತು. ನಿಮಗೆ ಯಾರು ಹೇಳಿದ್ರು?"

ಹೊಂಡಕ್ಕೆ ಗಾಳಿ ತುಂಬುವ ಯಂತ್ರ ನಿಂತರೆ ಸಿಗಡಿ ಸಾಯುತ್ತವೆ. ಫ್ಯೂಜು ಪದೇ ಪದೇ ಹೋಗುತ್ತದೆಂದು ಹೊಂಡದವರು ಆ ದಿನ ಬೆಳಿಗ್ಗೆ ಸುಡದಂಥ ತಂತಿ ಹೊಸೆದು ಕಟ್ಟಿದ್ದರಂತೆ. ತಂತಿ ಸುಡದಿದ್ದರೆ ಟೀಸಿಯೇ ಸುಡುತ್ತದೆ ಎಂಬುದು ಅವರಿಗೆ ಹೊಳೆದಿರಲಿಲ್ಲ. ಅವರ ಬುದ್ಧಿ ಗೊತ್ತಿದ್ದು ಇವರು ಊಹಿಸಿರಬಹುದು ಎಂದು ನಾನೂ ಸಮಾಧಾನ ಹೇಳಿಕೊಂಡಿದ್ದೇನೆ. ಆದರೆ ಆ ದಿನವೇ? ಮೂರು ಫ್ಯೂಜುಗಳಲ್ಲಿ ನಡುವಿನದೇ? ಎಚ್ಚರವಾದ ಮೇಲೆ ಕೇಳಿದರೆ, "ನಾ ಎಂತ ಹೇಳ್ದೆ?" ಎಂದು ನನ್ನ ಮುಖ ನೋಡಿದರು. ಇವತ್ತಿಗೂ ಅವರಿಗೆ ನೆನಪಿಲ್ಲ, ನನಗೆ ಅರ್ಥವಾಗಿಲ್ಲ.

ಆ ದಿನ, ಟೀಸಿ ಉಳಿಯಿತು ಎಂದು ನಾನು ಹೇಳಿದಾಗ ಮಾತ್ರ ಇವರ ಮುಖ ಅರಳಿತು. ಅಷ್ಟರಲ್ಲಿ ಸಲೈನ್ ಬದಲಿಸಲು ಬಂದ ನರ್ಸಿನ ಕೈ ನನ್ನ ತೋಳಿಗೆ ತಾಗಿತು. "ಅಯ್ಯೋ, ನಿಮಗೆ ಮೈ ಸುಡ್ತಾ ಇದೆಯಲ್ರೀ!" ಎಂದಳು. ಇವರು ಗಾಬರಿಯಿಂದ ನನ್ನತ್ತ ತಿರುಗಿ, "ಹೌದಾ? ಯಾವಾಗಿಂದ?" ಎಂದು ಕೇಳಿದರು.

ಬೆಳಗಿನಿಂದ ನನ್ನ ಕೈ ಅವರ ಕೈಯಲ್ಲೇ ಇತ್ತು.