ಗೋಡೆಗಿಂತ ಮೊದಲು ಬಂದ ಬಾಗಿಲು

ಹಿತ್ತಲಲ್ಲಿ ಬಡಿಗ ಬೇವಿನ ಹಲಗೆ ಹೆರೆಯುತ್ತಿದ್ದಾನೆ. ಆ ಕಹಿಗಂಪು ಮೂಗಿಗೆ ಬಡಿದರೆ ನಿಮಗೆ ಏನು ನೆನಪಾಗುತ್ತದೋ ಕಾಣೆ. ನನಗೆ ನಮ್ಮೂರ ಶಾಲೆಯ ಹಳೆಯ ಬಾಗಿಲು, ಅದರ ಪಕ್ಕದಲ್ಲಿ ಸೆರಗು ಬಿಗಿದು ನಿಂತ ನೀಲವ್ವತ್ತಿ ನೆನಪಾಗುತ್ತಾಳೆ.

ನೀಲವ್ವ ನನ್ನ ಅಪ್ಪನ ಅಕ್ಕ. ಅಕ್ಷರ ಬಾರದು. ಆದರೂ ಶಾಲೆ ತನ್ನದೇ ಎಂಬ ಗತ್ತು. ಯಾಕೆಂದು ನಮಗೆ ತಿಳಿದದ್ದು ಆಲಮಟ್ಟಿಯ ಹಿನ್ನೀರು ಊರ ಕಡೆ ಸರಿಯತೊಡಗಿದ ವರ್ಷ. ನಮಗೆಲ್ಲ ಎತ್ತರದ ಬಯಲಲ್ಲಿ ಹೊಸ ಊರು ಕೊಟ್ಟಿದ್ದರು. ಅಲ್ಲಿ ಶಾಲೆಗೂ ಸುಣ್ಣದ ಗೆರೆ ಎಳೆದು ಜಾಗ ತೋರಿಸಿದ್ದರು, ಅಷ್ಟೇ. ಕಟ್ಟಡವಾಗುವ ತನಕ ಮಕ್ಕಳು ಕಾಲುವೆಯಾಚೆಯ ಊರಿಗೆ ಹೋಗಲಿ ಎಂದರು.

ನಾನಾಗ ಐದನೆಯ ಇಯತ್ತೆ. ಲೆಕ್ಕವೆಂದರೆ ಜ್ವರ ಬರುತ್ತಿತ್ತು. ಶಾಲೆ ಮುಳುಗುವ ಸುದ್ದಿಗೆ ಒಳಗೊಳಗೇ ಕುಣಿದಿದ್ದೆ. ಕುಣಿತ ನಿಂತದ್ದು ಅಪ್ಪನ ಮಾತಿಗೆ.

"ಅಷ್ಟ ದೂರ ಹೆಣ್ಣಹುಡುಗಿನ್ನ ಕಳಸೂದಿಲ್ಲ. ಓದಿದ್ದ ಸಾಕು."

ಉಣ್ಣುತ್ತಿದ್ದ ಅತ್ತಿ ರೊಟ್ಟಿಯನ್ನು ಗಂಗಾಳದಲ್ಲೇ ಬಿಟ್ಟು ಎದ್ದಳು. "ಆ ಸಾಲಿ ಕಟ್ಟುಮುಂದ ಕೆಸರಿಗೆ ನೀರ ಹೊತ್ತಾಕಿ ನಾ. ಕಟ್ಟಿದ ಮ್ಯಾಲ ನಮ್ಮಪ್ಪ ನನ್ನ ಒಳಗ ಕುಂಡ್ರಾಕ ಬಿಡ್ಲಿಲ್ಲ. ಈಗ ಇಕಿನ್ನ ಬಿಡಿಸಾಂವ ನೀ ಯಾರೋ?"

ಊರವರೆಲ್ಲ ತಮ್ಮ ಮನೆಗಳ ತೊಲೆ, ಜಂತಿ ಕಿತ್ತುಕೊಳ್ಳುತ್ತಿದ್ದಾಗ ಅತ್ತಿ ಓಣಿಯ ಹೆಂಗಸರನ್ನು ಕರೆದುಕೊಂಡು ಹೋಗಿ ಶಾಲೆಯ ಬಾಗಿಲನ್ನು ಚೌಕಟ್ಟಿನ ಸಮೇತ ಕೀಳಿಸಿದಳು.

"ನೀಲವ್ವಾ, ಅದು ಸರಕಾರದ ಬಾಗಲಾ" ಎಂದರು ಮಾಸ್ತರರು, ಅಂಜುತ್ತ.

"ಬೇವಿನ ಗಿಡಾ ನಮ್ಮ ಹೊಲದ್ದ ಇತ್ರಿ" ಎಂದು ಬಾಗಿಲನ್ನು ಹೇರಿಸಿ ಚಕ್ಕಡಿ ಹೊಡೆಸಿದಳು.

ಸುಣ್ಣದ ಗೆರೆಯ ಮೇಲೆ ಚೌಕಟ್ಟು ಹುಗಿದು, ಕಲ್ಲು ಜಡಿದು ಬಾಗಿಲು ನಿಲ್ಲಿಸಿದರು. ಹಿಂದೆ ಬಯಲು, ಮುಂದೆ ಬಯಲು. ಕರಿಹಲಗೆ ಜಾಲಿ ಗಿಡಕ್ಕೆ ಒರಗಿತು. ಮಾಸ್ತರರು ನೌಕರಿ ಹೋದೀತೆಂದು ಹೆದರಿ ಮೊದಮೊದಲು ಬರಲಿಲ್ಲ. ದೊಡ್ಡ ಹುಡುಗಿಯರೇ ಮಗ್ಗಿ ಹೇಳಿಸಿದರು. ಮಗ್ಗಿ ತಪ್ಪಿದರೆ ಅತ್ತಿಗೆ ತಿಳಿಯುತ್ತಿರಲಿಲ್ಲ; ದನಿ ತಗ್ಗಿದರೆ ಬೈಯುತ್ತಿದ್ದಳು. ಹೀಗಾಗಿ ನನ್ನ ತಪ್ಪು ಮಗ್ಗಿಯನ್ನು ಹೊಸ ಊರೆಲ್ಲ ಕೇಳಿತು. ಅದನ್ನು ಸಹಿಸಲಾರದೆಯೋ ಏನೋ, ಒಂದು ದಿನ ಮಾಸ್ತರರು ಬಂದರು. ಬಾಗಿಲ ಮುಂದೆ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟರು. ಅಲ್ಲಿಯ ತನಕ ನಕ್ಕವರು ಆಮೇಲೆ ನಗಲಿಲ್ಲ.

ಒಂದು ಮುಂಜಾನೆ ಜೀಪು ಬಂತು. ಇಳಿದ ಸಾಹೇಬರು ಬಾಗಿಲನ್ನು ಬಿಟ್ಟು ಅದರ ಪಕ್ಕದಿಂದ ನೇರ ನಮ್ಮ ನಡುವೆ ಬಂದರು.

"ನಿಂದರ್ರಿ. ಬಾಗಲದಾಗಿಂದ ಬರ್ರಿ" ಎಂದಳು ಅತ್ತಿ.

ಸಾಹೇಬರು ನಕ್ಕರು. "ಗೋಡೆಯೇ ಇಲ್ಲವಲ್ಲಮ್ಮ, ಎಲ್ಲಿಂದ ಬಂದರೇನು?"

"ಗ್ವಾಡಿ ನೀವು ಕಟ್ಟಿಲ್ರಿ. ಬಾಗಲಾ ನಾವು ತಂದೇವಿ. ಇದು ಸಾಲಿ ಐತಿ, ಹಾದಿ ಅಲ್ರಿ."

ಸಾಹೇಬರ ನಗು ಆರಿತು. ಅವರು ಹಿಂದಿರುಗಿ ಹೋಗಿ, ತಲೆ ಬಗ್ಗಿಸಿ, ಬಾಗಿಲಿನಿಂದ ಒಳಗೆ ಬಂದರು. ಕಾಲುವೆಯಾಚೆಗೆ ಹೋಗಿ ಎಂಬ ಮಾತನ್ನು ಮತ್ತೆ ಎತ್ತಲಿಲ್ಲ.

ಹಾಗೆಂದು ಗೋಡೆ ತಾನೇ ಏಳಲಿಲ್ಲ. ಹಳೆಯ ಮನೆ ಬಿಚ್ಚಿದ ಕಲ್ಲನ್ನು ಜನ ತಮ್ಮ ಮನೆಗಿಂತ ಮೊದಲು ಶಾಲೆಗೆ ಹಾಕಿದರು. ನಮ್ಮ ಪಡಸಾಲೆಯ ಕಲ್ಲನ್ನು ಅಪ್ಪನೇ ತಂದು ಇಳಿಸಿದ. ಅಕ್ಕನ ಮುಖ ಮಾತ್ರ ನೋಡಲಿಲ್ಲ. ಮಾಡಿನ ತಗಡು ಆಮೇಲೆ ಸರಕಾರದಿಂದ ಬಂತು.

ಕೋಣೆಯೊಳಗೆ ಪಾಠ ಶುರುವಾದ ದಿನ ಅತ್ತಿ ಬಂದು, "ಸರಿ ಅತ್ಲಾಗ" ಎಂದು ನನ್ನನ್ನು ದೂಡಿ ಮುಂದಿನ ಸಾಲಿನಲ್ಲಿ ಕುಳಿತಳು. ಹಾಜರಿ ಕೂಗುತ್ತಿದ್ದ ಮಾಸ್ತರರು ಅರೆಗಳಿಗೆ ತಡೆದು, "ನೀಲವ್ವ" ಎಂದರು.

"ಹಾಜರ್ರಿ" ಎಂದಳು. ಊರನ್ನೇ ಗದರಿಸುವ ಆ ದನಿ ಅಂದು ಹುಡುಗಿಯೊಬ್ಬಳ ದನಿಯಷ್ಟು ಸಣ್ಣಗಿತ್ತು.

ಅತ್ತಿ ಈಗಿಲ್ಲ. ಮದುವೆಯಾಗಿಯೂ ನಾನು ಇದೇ ಊರಲ್ಲಿ ಉಳಿದೆ. ಮಕ್ಕಳು ಕಡಿಮೆಯಾದರೆಂದು ಶಾಲೆಯನ್ನು ಕಾಲುವೆಯಾಚೆಯ ಊರಿನದಕ್ಕೆ ಸೇರಿಸುವ ಮಾತು ಮತ್ತೆ ಎದ್ದಿದೆ. ಸಭೆಯಲ್ಲಿ ಎಲ್ಲರಿಗಿಂತ ಜೋರಾಗಿ ಬೇಡವೆಂದವಳು ನಾನೇ. ನನ್ನ ಮಗಳು ಮಾತ್ರ ದಿನಾ ವ್ಯಾನು ಹತ್ತಿ ಪೇಟೆಯ ಶಾಲೆಗೆ ಹೋಗುತ್ತಿದ್ದಳು! ಇಂದು ಅವಳನ್ನು ಕೈಹಿಡಿದು ಕರೆದೊಯ್ದು ಇಲ್ಲಿಯೇ ಸೇರಿಸಿ ಬಂದೆ. ಓಣಿಯ ಇನ್ನಿಬ್ಬರು ತಾಯಂದಿರೂ ಮಕ್ಕಳನ್ನು ಕರೆದುಕೊಂಡು ನಾಳೆ ಬರುತ್ತೇವೆ ಎಂದಿದ್ದಾರೆ.

ಶಾಲೆ ನೋಡಲು ಮೇಲಿನವರೂ ನಾಳೆಯೇ ಬರುತ್ತಾರಂತೆ. ಬರಲಿ. ಪಾಠ ನಡೆದಿರುತ್ತದೆ.